ಚಂದ್ರಶೇಖರಪ್ಪನವರ ಮೂರು ತೊಟ್ಟಿಲು

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ಚಂದ್ರಶೇಖರಪ್ಪನವರನ್ನು ಜನ 'ಪ್ಲಾಂಟರ್ರು' ಎಂದು ಕರೆಯುತ್ತಾರೆ. ಅವರಿಗೆ ಕಾಫಿತೋಟ ಇದೆಯೇ ಎಂದು ಯಾರಾದರೂ ಕೇಳಿದರೆ ಇದೆ ಎಂದೇ ಹೇಳಬೇಕು. ಮನೆಯ ಮುಂದೆ ನಾಲ್ಕು ಪ್ಲಾಸ್ಟಿಕ್ ಕುಂಡಗಳಲ್ಲಿ ನಾಲ್ಕು ಗಿಡಗಳಿವೆ. ಅದರಲ್ಲಿ ಒಂದಕ್ಕೆ ಬೋರರ್ ಹುಳ ಬಿದ್ದಿದೆ. ಹೋದ ವರ್ಷದ ಫಸಲನ್ನು ಅವರೇ ಬಿಡಿಸಿ, ತಾರಸಿಯಲ್ಲಿ ಒಣಗಿಸಿ, ಹುರಿದು, ಪುಡಿ ಮಾಡಿ ಮನೆಮಂದಿಗೆಲ್ಲ ಒಂದೊಂದು ಲೋಟ ಕಾಫಿ ಕೊಟ್ಟರು. ಎಲ್ಲರೂ ಚೆನ್ನಾಗಿದೆ ಅಂದರು. ಎರಡನೇ ಲೋಟಕ್ಕೆ ಪುಡಿ ಇರಲಿಲ್ಲವಾದ್ದರಿಂದ ಆ ಮಾತು ಎಷ್ಟು ನಿಜ ಎಂದು ಪರೀಕ್ಷಿಸಲು ಆಗಲಿಲ್ಲ.

ನಿಜವಾದ ಪ್ಲಾಂಟರುಗಳು ಅಂಗಡಿಗೆ ಕುಕ್ಕರ್ ಕೊಳ್ಳಲು ಬಂದಾಗ ಚಂದ್ರಶೇಖರಪ್ಪನವರು ಹ್ಯಾಟು ಸರಿಮಾಡಿಕೊಂಡು, "ಈ ಸಲ ಹೂವಿಗೆ ಬೇಕಾದ ಬ್ಲಾಸಮ್ ಮಳೆ ಕೈ ಕೊಟ್ತು ನೋಡಿ, ನಮಗೆಲ್ಲ ಕಷ್ಟವೇ" ಎಂದು ನಿಟ್ಟುಸಿರು ಬಿಡುತ್ತಾರೆ. ಬಂದವರೂ ಒಳ್ಳೆಯವರು, ತಲೆದೂಗಿ ಕುಕ್ಕರ್ ತೆಗೆದುಕೊಂಡು ಹೋಗುತ್ತಾರೆ. ಈ ಸುಳ್ಳಿನಿಂದ ಯಾರಿಗೂ ನಷ್ಟವಾದ ಉದಾಹರಣೆ ಅಲ್ಲಿಯವರೆಗೆ ಇರಲಿಲ್ಲ.

ಊರಿನ ಅಂಚಿನಲ್ಲಿ, ಗುಡ್ಡದ ಇಳಿಜಾರಿನ ಬಡಾವಣೆಯಲ್ಲಿ ಅವರು ಮನೆ ಕಟ್ಟಿ 'ಎಸ್ಟೇಟ್ ವ್ಯೂ' ಎಂದು ಹೆಸರಿಟ್ಟರು. ಅಲ್ಲಿಂದ ಕಾಣುವುದು ಕೆಳಗಿನ ಸೈಟಿನ ಇಲಿಯಾಸನ ಜೀಪ್ ಗ್ಯಾರೇಜಿನ ತಗಡಿನ ಸೂರು. ಮನೆಯ ಸುತ್ತ ಒಂದು ಹಿಡಿ ಮಣ್ಣೂ ಕಾಣದ ಹಾಗೆ ಕೆಂಪು-ಬೂದಿ ಬಣ್ಣದ ಸಿಮೆಂಟು ಇಟ್ಟಿಗೆ ಹಾಸಿಸಿದರು. ಆ ಅಂಗಳ ಅವರ ಜೀವ. ಬೆಳಿಗ್ಗೆ ಎದ್ದು ಮೊದಲು ವಿಭೂತಿ ಹಚ್ಚಿಕೊಳ್ಳುತ್ತಿದ್ದರು, ಆಮೇಲೆ ಅಂಗಳ ಒರೆಸುತ್ತಿದ್ದರು.

ಮಳೆಗಾಲ ಬಂತು. ಒಂದು ಹನಿಯೂ ನೆಲಕ್ಕೆ ಇಳಿಯಲಿಲ್ಲ. ಸೂರಿನ ನೀರು, ಅಂಗಳದ ನೀರು ಎಲ್ಲ ಸೇರಿ ಗೇಟಿನ ಕೆಳಗೆ ನುಗ್ಗಿ, ಇಲಿಯಾಸನ ಗ್ಯಾರೇಜು ಹಾದು, ಅವನ ಹೆಂಡತಿ ಸಾಬೀರಾಳ ಅಡುಗೆಮನೆಗೆ ಹೋಯಿತು. ಇಲಿಯಾಸ್ ಮೇಲೆ ಬಂದು ಮೆತ್ತಗೇ ಹೇಳಿದ: "ಶೇಖರಣ್ಣ, ನಿಮ್ಮನೆ ನೀರೆಲ್ಲ ನಮ್ಮನೇಲಿ ಕಾಫಿ ಕುಡ್ಕೊಂಡೇ ಹೋಗೋದು ಮಾರಾಯ್ರೆ. ಏನಾದ್ರೂ ಮಾಡಿ."

"ಇಳಿಜಾರು ಮಾಡಿದ್ದು ನಾನಲ್ಲ ಇಲಿಯಾಸ್, ದೇವರು," ಎಂದರು ಚಂದ್ರಶೇಖರಪ್ಪ. ದೇವರ ಮೇಲೆ ಹಾಕಿದ ಮೇಲೆ ಇಲಿಯಾಸ್ ಅದೇ ಇಳಿಜಾರು ಇಳಿದು ಮನೆಗೆ ಹೋದ.

ಇಷ್ಟೆಲ್ಲ ಹೇಳಿ ಅವರನ್ನು ಕೆಟ್ಟವರೆಂದು ತೋರಿಸಿದರೆ ತಪ್ಪಾಗುತ್ತದೆ. ಅವರ ಸೊಸೆ ನಾಗಶ್ರೀಯ ವಿಷಯ ಹೇಳಲೇಬೇಕು. ನಾಗಶ್ರೀ ಕಡೂರು ಕಡೆಯ ಹುಡುಗಿ, ಮಲ್ಲಂದೂರಿನ ಶಾಲೆಯಲ್ಲಿ ಟೀಚರು. ಮಗ ಪ್ರಶಾಂತ್ ಕೆಲಸದ ಮೇಲೆ ಕಳಸದಲ್ಲಿರುತ್ತಾನೆ, ರಜೆ ಸಿಕ್ಕಿದ ಭಾನುವಾರ ಬರುತ್ತಾನೆ. ಮದುವೆಯಾಗಿ ಆರು ವರ್ಷ, ಮಕ್ಕಳಾಗಿಲ್ಲ. ಮೊದಮೊದಲು ಬಂದವರೆಲ್ಲ "ಏನೂ ವಿಶೇಷ ಇಲ್ವಾ?" ಎಂದು ಕೇಳುವರು. ಒಂದು ದಿನ ಸೊಸೆ ನೀರಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಡುಗೆಮನೆಯಲ್ಲಿ ಅಳುವುದನ್ನು ಚಂದ್ರಶೇಖರಪ್ಪ ನೋಡಿಬಿಟ್ಟರು. ಅವತ್ತೇ ಕಾನೂನು ಮಾಡಿದರು: ಈ ಮನೆಯಲ್ಲಿ ಮಗು, ತೊಟ್ಟಿಲು, ಸೀಮಂತ, ಬಾಣಂತಿ, ಈ ಯಾವ ಶಬ್ದವೂ ಸೊಸೆಯ ಕಿವಿಗೆ ಬೀಳಕೂಡದು. ಕೇಳಿದ ನೆಂಟರನ್ನು ಗೇಟಿನವರೆಗೆ ತಾವೇ ಬಿಟ್ಟು ಬರುತ್ತಿದ್ದರು. ಸ್ವಂತ ತಂಗಿಯನ್ನೇ ಹಾಗೆ ಬಿಟ್ಟು ಬಂದಿದ್ದಾರೆ. ಆ ಹುಡುಗಿಯ ಮನಸ್ಸು ನೋಯಬಾರದು ಎಂಬುದೊಂದೇ ಅವರ ಹಟ. ಅದರಲ್ಲಿ ಮಾತ್ರ ಪ್ಲಾಂಟರಿಕೆಯ ಸುಳ್ಳು ಇರಲಿಲ್ಲ.

ಯುಗಾದಿ ಕಳೆದು ಬಿಸಿಲು ಕಾಯುತ್ತಿದ್ದ ಒಂದು ಬೆಳಿಗ್ಗೆ ನಗರಸಭೆಯ ಎಂಜಿನಿಯರ್ ಕಲ್ಲೇಶ್ ಅಳತೆಪಟ್ಟಿ ಹಿಡಿದು ಬಂದರು. ಇಳಿಜಾರಿನ ಬಡಾವಣೆಗಳಿಗೆ ಹೊಸ ನಿಯಮ ಬಂದಿತ್ತು. ಅವರವರ ಸೈಟಿನಲ್ಲಿ ಬಿದ್ದ ಮಳೆಯನ್ನು ಅವರವರೇ ನಿಲ್ಲಿಸಿಕೊಂಡು ಇಂಗಿಸಬೇಕು. ಮಳೆಗಾಲದೊಳಗೆ ಮಾಡದಿದ್ದರೆ ದಂಡ, ಜೊತೆಗೆ ಹಾಸಿದ ಇಟ್ಟಿಗೆಯೆಲ್ಲ ಕಿತ್ತುಹಾಕುತ್ತಾರೆ.

"ಯಜಮಾನ್ರೇ, ನಿಮ್ಮ ಅಂಗಳದಲ್ಲಿ ಮಣ್ಣೆಲ್ಲಿದೆ?" ಎಂದರು ಎಂಜಿನಿಯರ್.

"ಮಣ್ಣು ಯಾಕೆ ಸಾರ್? ಕಾಲಿಗೆ ಅಂಟುತ್ತೆ."

"ಮತ್ತೆ ನೀರು?"

"ನೀರಿಗೆ ಏನೂ ತೊಂದ್ರೆ ಇಲ್ಲ ಸಾರ್. ಸಲೀಸಾಗಿ ಹೋಗುತ್ತೆ."

"ಹೋಗ್ಬಾರ್ದು ಯಜಮಾನ್ರೇ, ನಿಲ್ಬೇಕು." ಎಂಜಿನಿಯರರ ಕಣ್ಣು ಆಗ ಹ್ಯಾಟಿನ ಮೇಲೆ ಬಿತ್ತು, ಆಮೇಲೆ ಕುಂಡಗಳ ಮೇಲೆ. "ನೀವು ಪ್ಲಾಂಟರ್ರಾ?"

"ಹೂಂ. ಸಣ್ಣ ಹೋಲ್ಡಿಂಗು."

ಕಲ್ಲೇಶರ ಮುಖ ಅರಳಿತು. ಅವರ ತಂದೆ ಆಲ್ದೂರಿನ ಹತ್ತಿರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. "ಹಾಗಾದ್ರೆ ನಿಮಗೆ ಬಿಡಿಸಿ ಹೇಳೋದೇ ಬೇಡ. ಸೂರಿನ ಕೆಳಗೆ ಸಾಲಾಗಿ ಮೂರು ತೊಟ್ಟಿಲು ಹಾಕ್ಸಿ. ಆರಡಿ ಉದ್ದ, ಒಂದೂವರೆ ಅಡಿ ಆಳ. ತಳ ಗಟ್ಟಿ ಮಾಡಿಸ್ಬೇಡಿ, ನೀರು ನಿಧಾನಕ್ಕೆ ಕೆಳಗಿಳೀಬೇಕು. ತೊಟ್ಟಿಲು ಗೊತ್ತಲ್ಲ?"

ಚಂದ್ರಶೇಖರಪ್ಪನವರಿಗೆ ಗೊತ್ತಿರಲಿಲ್ಲ. ಕಾಫಿಸೀಮೆಯ ತೋಟಗಳಲ್ಲಿ, ಗಿಡದ ಸಾಲುಗಳ ನಡುವೆ ಮಳೆನೀರು ನಿಂತು ಇಂಗಲೆಂದು ತೋಡುವ ಉದ್ದನೆಯ ಗುಂಡಿಗೆ ತೊಟ್ಟಿಲು ಎನ್ನುತ್ತಾರೆ. ತೋಟ ತುಳಿದವರಿಗೆಲ್ಲ ಗೊತ್ತಿರುವ ಮಾತು. ಕುಂಡದಲ್ಲಿ ಕಾಫಿ ಬೆಳೆದವರಿಗೆ ಗೊತ್ತಾಗುವುದು ಹೇಗೆ? ಆದರೆ ಹ್ಯಾಟು ತಲೆಯ ಮೇಲಿತ್ತು.

"ತೊಟ್ಟಿಲು ಗೊತ್ತಿಲ್ದೆ ಏನು ಸಾರ್! ನಮ್ಮ ತೋಟದ ತುಂಬ ಅವೇ," ಎಂದರು.

ಎಂಜಿನಿಯರ್ ಹೋದ ಮೇಲೆ ಅವರು ಕೂತು ಯೋಚಿಸಿದರು. ಮನುಷ್ಯ ಮನಸ್ಸು ಮಾಡಿದರೆ ಯಾವ ಅಸಂಬದ್ಧಕ್ಕೂ ಅರ್ಥ ಹಚ್ಚಬಲ್ಲ. ಸೂರಿನಿಂದ ನೀರು ತೊಟ್ಟಿಲಿಗೆ ಬೀಳುತ್ತದೆ. ಭಾರಕ್ಕೆ ತೊಟ್ಟಿಲು ತೂಗುತ್ತದೆ. ತೂಗಿದಾಗ ನೀರು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಚೆಲ್ಲಿ ರಭಸ ತಗ್ಗುತ್ತದೆ. ಉಳಿದದ್ದು ತಳದ ತೂತಿನಿಂದ ತೊಟ್ಟಿಕ್ಕುತ್ತದೆ. ಸರ್ಕಾರದವರ ತಲೆಯೇ ತಲೆ ಎಂದುಕೊಂಡರು.

"ಎಂಜಿನಿಯರ್ರು ಏನಂದ್ರು ರೀ?" ಎಂದು ಹೆಂಡತಿ ಸಾವಿತ್ರಮ್ಮ ಕೇಳಿದಾಗ ಸರಿಯಾಗಿ ನಾಗಶ್ರೀ ಕಾಫಿ ಹಿಡಿದು ಬಂದಳು.

"ಅದೇ... ಮೂರು... ಅದು ಹಾಕ್ಬೇಕಂತೆ."

"ಯಾವುದು?"

"ಅದೇ ಕಣೇ, ಆ ಅದು!"

ನಾಗಶ್ರೀ ಎಂಜಿನಿಯರರ ಮಾತನ್ನು ಅಡುಗೆಮನೆಯ ಕಿಟಕಿಯಿಂದ ಕೇಳಿದ್ದಳು. "ಮಾವ, ಅದಕ್ಕೆ ಆಳು ಬೇಕಾದ್ರೆ ನಮ್ಮ ಸ್ಕೂಲ್ ಹತ್ರ..." ಎಂದು ಶುರುಮಾಡಿದಳು. ಚಂದ್ರಶೇಖರಪ್ಪನವರು ಬಿಸಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಬಚ್ಚಲಿಗೆ ಓಡಿದರು.

ಮಾರನೇ ದಿನ ಬಡಗಿ ರುದ್ರಾಚಾರ್ರ ಅಂಗಡಿಗೆ ಹೋಗಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಪಿಸುಗುಟ್ಟಿದರು: "ಮೂರು ತೊಟ್ಟಿಲು ಬೇಕು ಆಚಾರ್ರೇ."

ರುದ್ರಾಚಾರ್ರು ಉಳಿ ಕೆಳಗಿಟ್ಟರು. "ಮೂರಾ? ದೇವರು ಕೊಟ್ಟರೆ ಹಿಂಗೇ ನೋಡಿ. ಎಷ್ಟುದ್ದ?"

"ಆರಡಿ."

"ಆರಡಿ ಯಾಕೆ ಬೇಕು ಮಾರಾಯ್ರೆ, ಮಗು ಮಲಗೋದಕ್ಕೆ?"

"ಅದು ಸರ್ಕಾರದ ಅಳತೆ. ಆಳ ಒಂದೂವರೆ ಅಡಿ. ತಳದಲ್ಲಿ ತೂತಿರಲಿ, ನೀರಿಳಿಯೋ ಹಂಗೆ."

ರುದ್ರಾಚಾರ್ರು ಬಹಳ ಹೊತ್ತು ತಲೆ ಕೆರೆದುಕೊಂಡು ಕೊನೆಗೆ ಬೆರಗಾಗಿ ನಕ್ಕರು. "ತೂತು! ನಲವತ್ತು ವರ್ಷ ತೊಟ್ಟಿಲು ಮಾಡಿದೀನಿ, ಈ ಬುದ್ಧಿ ನನಗೆ ಹೊಳೀಲಿಲ್ಲ. ಮಗು ಒದ್ದೆ ಮಾಡಿದ್ರೆ ತಾನಾಗೇ ಕೆಳಗಿಳಿಯುತ್ತೆ. ಬಟ್ಟೆ ಬದಲಾಯಿಸೋ ರಗಳೆನೇ ಇಲ್ಲ!"

ಚಂದ್ರಶೇಖರಪ್ಪನವರಿಗೆ ಈ ಮಾತು ಅರ್ಧ ಕೇಳಿಸಿತು. ಅವರು ಆಗಲೇ ಬಾಗಿಲು ದಾಟುತ್ತ, "ಮಳೆಗೆ ತಡೀಬೇಕು, ಒಳ್ಳೆ ಮರ ಹಾಕಿ. ಯಾರಿಗೂ ಹೇಳ್ಬೇಡಿ, ನಮ್ಮನೆಯವರಿಗೂ ಗೊತ್ತಾಗ್ಬಾರ್ದು," ಎಂದರು. ಯಾರಿಗೂ ಹೇಳಬೇಡಿ ಎಂದು ಹೇಳಿದ ಸುದ್ದಿಗೆ ಕಾಲಲ್ಲ, ಚಕ್ರ ಬರುತ್ತದೆ. ಸಂಜೆಯೊಳಗೆ ಆಚಾರ್ರ ಹೆಂಡತಿಗೆ ಗೊತ್ತಾಯಿತು. ಆಕೆಯಿಂದ ಸಾಬೀರಾಳಿಗೆ. ಆಚಾರ್ರ ತಂಗಿಯನ್ನು ಕಡೂರಿಗೆ ಕೊಟ್ಟಿದ್ದರು, ನಾಗಶ್ರೀಯ ತವರುಮನೆಯ ಎದುರು ಮನೆಗೇ.

ಸಾಬೀರಾ ಒಂದು ಡಬ್ಬಿ ಖರ್ಜೂರ ಹಿಡಿದು ಮೇಲೆ ಬಂದಳು. ನೀರಿನ ವಿಷಯಕ್ಕೆ ಗಂಡಸರು ಮಾತು ಬಿಟ್ಟಿದ್ದರೂ ಹೆಂಗಸರು ಬಿಟ್ಟಿರಲಿಲ್ಲ. ನಾಗಶ್ರೀ ಶಾಲೆಗೆ ಹೋಗಿದ್ದ ಹೊತ್ತು. "ಸಾವಿತ್ರಕ್ಕ, ಮುಚ್ಚಿಡೋದು ಯಾಕೆ? ನಂಗೂ ಖುಷಿಯೇ ಅಲ್ವಾ? ಮೂರಂತೆ! ಆ ಹುಡುಗಿಗೆ ಬಸ್ಸಲ್ಲಿ ನಿಂತ್ಕೊಂಡು ಹೋಗ್ಬೇಡ ಅನ್ನಿ. ನಮ್ಮೆಜಮಾನ್ರು ಮಲ್ಲಂದೂರಿಗೆ ಜೀಪ್ ಟ್ರಯಲ್ ಹೋಗ್ತಿರ್ತಾರೆ, ಬಿಟ್ಟು ಬರ್ತಾರೆ."

ಸಾವಿತ್ರಮ್ಮನಿಗೆ ಮಗ ತನಗೆ ಹೇಳದೆ ಅಪ್ಪನಿಗೆ ಹೇಳಿದನೇ ಎಂದು ಸಿಟ್ಟು ಬಂತು, ಸಿಟ್ಟಿನ ಮೇಲೆ ಸಂತೋಷ ಬಂತು, ಅದರ ಮೇಲೆ ಭಯ ಬಂತು. ಆದರೆ ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದು ಎಂಬುದು ಅವರ ಮನೆಯ ಪದ್ಧತಿ. ಆಕೆ ಬಾಯಿ ಬಿಡಲಿಲ್ಲ. ಆ ಸಂಜೆಯಿಂದ ಸೊಸೆಯ ಕೈಯಿಂದ ಕೊಡ ಕಿತ್ತುಕೊಳ್ಳುವುದು, ಸೊಸೆ ಬಗ್ಗಿದರೆ ಓಡಿಬರುವುದು, ತಟ್ಟೆಗೆ ಕೇಳದೆ ತುಪ್ಪ ಸುರಿಯುವುದು ಶುರುವಾಯಿತು. "ಏನಾಯ್ತು ಅತ್ತೆ?" ಎಂದು ನಾಗಶ್ರೀ ಕೇಳಿದರೆ, "ಏನಿಲ್ಲಮ್ಮ, ಹಂಗೇ" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಚಂದ್ರಶೇಖರಪ್ಪನವರ ತಾಯಿ ಬಸಮ್ಮನಿಗೆ ಎಂಬತ್ತು ದಾಟಿದೆ, ಕಿವಿ ಮಾತ್ರ ಇಪ್ಪತ್ತರದ್ದು. ಬಡಗಿ ಆರಡಿ ಉದ್ದದ್ದು ಏನೋ ಮೂರು ಮಾಡುತ್ತಿದ್ದಾನೆಂದು ಬೀದಿಯಲ್ಲಿ ಆಡಿಕೊಂಡದ್ದು ಅವರ ಒಳಕೋಣೆಯವರೆಗೂ ಕೇಳಿಸಿತ್ತು. ಮಗ ಮನೆಗೆ ಬಂದದ್ದೇ ಹತ್ತಿರ ಕರೆದರು.

"ಮೂರು ಮಾಡಿಸ್ತಿದೀಯಂತೆ?"

"ಅವ್ವ, ಮೆತ್ತಗೆ. ನಾಗಶ್ರೀಗೆ ಕೇಳುತ್ತೆ."

"ಅದೆಂತದು ಆರಡಿ ಉದ್ದ?"

"ನಿಯಮ ಹಂಗಿದೆ."

ಬಸಮ್ಮ ಮಗನನ್ನು ದಿಟ್ಟಿಸಿ ನೋಡಿದರು. "ನೋಡು ಚಂದ್ರು, ಎರಡು ಪೆಟ್ಟಿಗೆ ಯಾರಿಗಾದ್ರೂ ಇರಲಿ, ಒಂದು ನನಗೇ ಅಂತ ಗೊತ್ತಾಯ್ತು. ಆದ್ರೆ ನಮ್ಮಲ್ಲಿ ಕೂರಿಸಿ ಹೂಳ್ತಾರೆ ಕಣೋ, ಮಲಗಿಸೋದಿಲ್ಲ! ನಿಮ್ಮಪ್ಪನಿಗೆ ಮಾಡಿದ್ದು ಅಷ್ಟು ಬೇಗ ಮರ್ತು ಹೋಯ್ತಾ?"

ಮಗನಿಗೆ ತಲೆಬುಡ ತಿಳಿಯಲಿಲ್ಲ. ತಾಯಿಗೆ ವಯಸ್ಸಾಯಿತೆಂದು ಮರುಗಿ ಊಟಕ್ಕೆ ಕೂತರು.

ಕಡೂರಿನಿಂದ ಬೀಗಿತ್ತಿ ಹಾಲಮ್ಮನ ಫೋನು ಬಂದದ್ದು ಆ ಊಟದ ನಡುವೆ. ಎದುರಿಗೆ ನಾಗಶ್ರೀ ಬಡಿಸುತ್ತಿದ್ದಳು. ಚಂದ್ರಶೇಖರಪ್ಪ ಎಂಜಲು ಕೈಯಲ್ಲೇ ಎದ್ದು ಅಂಗಳಕ್ಕೆ ಹೋದರು.

"ಬೀಗ್ರೇ, ಮೂರು ತೊಟ್ಲು ಮಾಡುಸ್ತಿದೀರಂತೆ, ನಿಜಾನಾ?"

"ನಿಮಗೂ ಗೊತ್ತಾಯ್ತಾ? ನಿಜವೇ," ಎಂದು ಪಿಸುಗುಟ್ಟಿದರು ಚಂದ್ರಶೇಖರಪ್ಪ.

"ಅಯ್ಯೋ ನಮ್ಮಪ್ಪಾ! ಮೂರು ಅಂತ ಯಾರಂದ್ರು?"

"ಎಂಜಿನಿಯರ್ರು. ಬಂದು ನೋಡಿ ಅಳತೆ ತಗೊಂಡು ಹೇಳಿದ್ರು."

"ಅದನ್ನ ಈಗ ಎಂಜಿನಿಯರ್ರು ನೋಡ್ತಾರಾ? ಡಾಕ್ಟ್ರಲ್ವಾ?"

"ನಮ್ಮಲ್ಲಿ ನಗರಸಭೆಯೋರೇ ನೋಡೋದು. ಮಳೆಗಾಲದೊಳಗೆ ಆಗ್ಲೇಬೇಕು. ಆಗ್ದಿದ್ರೆ ದಂಡ."

"ದಂಡಾನಾ?" ಎಂದರು ಹಾಲಮ್ಮ ನಡುಗುವ ದನಿಯಲ್ಲಿ. "ಆರು ವರ್ಸ ಆಗ್ಲಿಲ್ಲ ಅಂತ ದಂಡ ಹಾಕ್ತಾರಾ? ಎಂಥಾ ಊರು ನಿಮ್ದು ಬೀಗ್ರೇ! ನಾನು ಶನಿವಾರ ಬತ್ತೀನಿ."

ಬೀಗಿತ್ತಿಗೆ ತಮ್ಮ ಅಂಗಳದ ಬಗ್ಗೆ ಇಷ್ಟು ಕಾಳಜಿ ಇದೆಯಲ್ಲ ಎಂದು ಚಂದ್ರಶೇಖರಪ್ಪನವರಿಗೆ ಮನಸ್ಸು ತುಂಬಿ ಬಂತು.

ಶನಿವಾರ ಬೆಳಿಗ್ಗೆ ನಾಗಶ್ರೀ ಶಾಲೆಗೆ ಹೊರಟ ಮೇಲೆ ರುದ್ರಾಚಾರ್ರು ಟೆಂಪೋದಲ್ಲಿ ತೊಟ್ಟಿಲು ತಂದಿಳಿಸಿದರು. ಸೊಗಸಾದ ಕೆಲಸ. ಪಕ್ಕದ ಹಲಗೆಗಳಲ್ಲಿ ಗಿಳಿ, ಬಳ್ಳಿ, ಕಾಫಿ ಹೂವು. ಸೂರಿನ ತೊಲೆಗೆ ಸರಪಳಿ ಹಾಕಿ ಮೂರನ್ನೂ ಸಾಲಾಗಿ ತೂಗುಬಿಟ್ಟರು. ಮಧ್ಯಾಹ್ನ ಎಂಜಿನಿಯರ್ ಬಂದು ನೋಡಿ ಒಪ್ಪಿದ ಕೂಡಲೇ ಟಾರ್ಪಾಲು ಮುಚ್ಚಿ, ಸೊಸೆ ಬರುವಷ್ಟರಲ್ಲಿ ಕಾಣದಂತೆ ಮಾಡಬೇಕು ಎಂಬುದು ಚಂದ್ರಶೇಖರಪ್ಪನವರ ಲೆಕ್ಕ. ಶನಿವಾರ ಶಾಲೆ ಅರ್ಧ ದಿನ ಎಂಬುದು ಆ ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

ಮೊದಲು ಬಂದವರು ಹಾಲಮ್ಮ. ಆಟೋ ತುಂಬ ಕೊಬ್ಬರಿ, ಅಂಟಿನುಂಡೆಯ ಡಬ್ಬಿ, ಹಳೇ ಮೆತ್ತನೆಯ ಸೀರೆಗಳ ಗಂಟು, ಮೂರು ಕುಲಾವಿ. ಕೂಸು ಹುಟ್ಟುವ ಮುನ್ನ ಕುಲಾವಿ ಎಂದು ಗಾದೆ ಕಟ್ಟಿದವರು ಈಕೆಯನ್ನು ನೋಡಿಯೇ ಕಟ್ಟಿರಬೇಕು. ತೊಟ್ಟಿಲುಗಳನ್ನು ಕಂಡದ್ದೇ ಅಲ್ಲೇ ಕುಸಿದು ಕೂತು ಕೈಮುಗಿದರು. ಸಾವಿತ್ರಮ್ಮನಿಗೂ ತಡೆಯಲಾಗಲಿಲ್ಲ, ಪದ್ಧತಿ ಮುರಿದು ಬೀಗಿತ್ತಿಯನ್ನು ತಬ್ಬಿಕೊಂಡು ಅತ್ತರು. ಸಾಬೀರಾ ಸೇವಿಗೆ ಪಾಯಸ ಹಿಡಿದು ಬಂದಳು. ಅಕ್ಕಪಕ್ಕದವರು ಕಾಂಪೌಂಡಿನ ಮೇಲೆ ತಲೆ ಸಾಲುಗಟ್ಟಿಸಿದರು. ಇಷ್ಟು ಜನ ಮಳೆನೀರಿನ ನಿಯಮಕ್ಕೆ ಯಾಕೆ ಅಳುತ್ತಿದ್ದಾರೆಂದು ತಿಳಿಯದೆ ಚಂದ್ರಶೇಖರಪ್ಪ ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಆಗ ಎಂಜಿನಿಯರ್ ಕಲ್ಲೇಶ್ ಬಂದರು. ಗೇಟಿನಲ್ಲೇ ನಿಂತು, ತೂಗುತ್ತಿದ್ದ ಮೂರನ್ನೂ ಒಂದೊಂದಾಗಿ ನೋಡಿದರು.

"ಏನ್ರೀ ಇದು?"

"ನೀವು ಹೇಳಿದ್ದೇ ಸಾರ್. ಆರಡಿ ಉದ್ದ, ಒಂದೂವರೆ ಆಳ, ತಳದಲ್ಲಿ ತೂತು."

"ನಾನು ಗುಂಡಿ ತೋಡ್ಸಿ ಅಂದ್ನಲ್ಲ ಮಾರಾಯ್ರೆ!"

"ತೊಟ್ಟಿಲು ಅಂದ್ರಿ ಸಾರ್."

"ತೊಟ್ಟಿಲು ಅಂದ್ರೆ ಗುಂಡಿನೇ ರೀ! ಮಳೆನೀರು ಇಂಗೋ ಗುಂಡಿ! ತೋಟದ ತುಂಬ ಅವೇ ಇದಾವೆ ಅಂದ್ರಿ?"

ಕಾಂಪೌಂಡಿನಾಚೆ ಒಬ್ಬರು ನಕ್ಕರು. ಆಮೇಲೆ ಇಡೀ ಸಾಲು ನಕ್ಕಿತು. ರುದ್ರಾಚಾರ್ರು ಹಣೆ ಹಣೆ ಚಚ್ಚಿಕೊಂಡು ನಕ್ಕರು. ಚಂದ್ರಶೇಖರಪ್ಪ ಇಂಗು ತಿಂದ ಮಂಗನಂತೆ ನಡುವೆ ನಿಂತಿದ್ದರು. ನಗದೆ ಇದ್ದವರು ಹಾಲಮ್ಮ ಒಬ್ಬರೇ. ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೇಳಿದರು: "ಹಂಗಾರೆ... ನನ್ನ ಮಗಳಿಗೆ ಏನೂ ಇಲ್ವಾ?"

ನಗು ನಿಂತಿತು. ಆಗಲೇ ಎಲ್ಲರಿಗೂ ಕಂಡದ್ದು, ಗೇಟಿನ ಹೊರಗೆ, ಹೆಗಲ ಮೇಲೆ ಚೀಲ ಹಾಕಿಕೊಂಡು ನಾಗಶ್ರೀ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ ಯಾರಿಗೂ ಗೊತ್ತಿಲ್ಲ.

ಚಂದ್ರಶೇಖರಪ್ಪನವರಿಗೆ ಊರು ತನ್ನನ್ನು ನೋಡಿ ನಕ್ಕದ್ದು ಮರೆತೇಹೋಯಿತು. ಆರು ವರ್ಷ ಬಾಗಿಲು ಕಾದು, ಕೊನೆಗೆ ತಾವೇ ಟೆಂಪೋ ಮಾಡಿ ಆ ನೋವನ್ನು ಮನೆಗೆ ತಂದಿಳಿಸಿದ್ದರು. ಓಡಿಹೋಗಿ ಟಾರ್ಪಾಲು ಎಳೆದು ತೊಟ್ಟಿಲ ಮೇಲೆ ಹಾಕಲು ನೋಡಿದರು. ಒಂದಕ್ಕೆ ಹಾಕಿದರೆ ಇನ್ನೊಂದು ಕಾಣುತ್ತಿತ್ತು.

"ಬಿಡಿ ಮಾವ," ಎಂದು ನಾಗಶ್ರೀ ಬಂದು ಟಾರ್ಪಾಲು ಕೈಯಿಂದ ತೆಗೆದುಕೊಂಡಳು. "ಕೆಲಸ ಚೆನ್ನಾಗಿದೆ. ಯಾಕೆ ಮುಚ್ತೀರಿ?"

"ತಪ್ಪಾಯ್ತಮ್ಮ. ನಿನ್ನ ಕಣ್ಣಿಗೆ ಬೀಳ್ಬಾರ್ದು ಅಂತ..."

"ಮಾವ, ತೊಟ್ಟಿಲು ಅಂದ್ರೆ ಗುಂಡಿ ಅಂತ ನಂಗೆ ಮೊದಲನೇ ದಿನಾನೇ ಗೊತ್ತಿತ್ತು. ನಮ್ಮ ಸ್ಕೂಲ್ ಮಕ್ಕಳ ಅಪ್ಪಂದಿರು ತೋಟದಲ್ಲಿ ತೆಗೆಯೋದು ಅದನ್ನೇ. ಒಂದು ಮಾತು ನನ್ನ ಕೇಳಿದ್ರೆ ಸಾಕಿತ್ತು."

"ಕೇಳೋದು ಹೆಂಗಮ್ಮ, ನಿನ್ನ ಮುಂದೆ ಆ ಮಾತು?"

"ಅದೇ ಮಾವ." ಅವಳು ಟಾರ್ಪಾಲು ಮಡಿಸತೊಡಗಿದಳು. "ನಾನು ಬಂದ್ರೆ ಈ ಮನೇಲಿ ಮಾತು ನಿಂತುಹೋಗುತ್ತೆ. ಟೀವೀಲಿ ಸೋಪಿನ ಜಾಹೀರಾತಿಗೆ ಮಗು ಬಂದ್ರೆ ನೀವು ಚಾನಲ್ ಬದಲಾಯಿಸ್ತೀರಿ. ಪಕ್ಕದ ಮನೆ ನಾಮಕರಣಕ್ಕೆ ನಂಗೆ ಹೇಳ್ದೆ ಹೋಗಿ ಬಂದ್ರಿ. ದಿನಾ ಐವತ್ತು ಮಕ್ಕಳ ಜೊತೆ ಇರೋಳು ನಾನು. ಊರೋರು ಏನೋ ಅಂದ್ರೆ ಒಂದು ದಿನ ನೋಯುತ್ತೆ. ನೀವು ಏನೂ ಅನ್ನದೆ ಇರೋದು ದಿನಾ ನೋಯ್ತಿತ್ತು ಮಾವ."

ನಾಗಶ್ರೀ ತಾಯಿಯ ಹತ್ತಿರ ಹೋಗಿ ಕೂತು ಅಂಟಿನುಂಡೆಯ ಡಬ್ಬಿ ತೆರೆದಳು. "ಇಷ್ಟು ಮಾಡ್ಕೊಂಡು ಬಂದಿದೀಯ. ಬಾಣಂತಿಯರೇ ತಿನ್ಬೇಕು ಅಂತ ಎಲ್ಲೂ ಬರೆದಿಲ್ಲ," ಎಂದು ಒಂದನ್ನು ತಾನು ಕಚ್ಚಿ, ಒಂದನ್ನು ಎಂಜಿನಿಯರರಿಗೆ ಕೊಟ್ಟಳು. ಹಾಲಮ್ಮ ಮಗಳ ತಲೆ ನೇವರಿಸುತ್ತ ಅತ್ತರು, ಆಮೇಲೆ ತಾವೂ ಒಂದು ತಿಂದರು.

ಚಂದ್ರಶೇಖರಪ್ಪನವರು ಒಳಗೆ ಹೋದವರು ಹಾರೆ ಹಿಡಿದು ಹೊರಗೆ ಬಂದರು. ಜೀವಕ್ಕೆ ಜೀವವಾಗಿದ್ದ ಅಂಗಳದ ನಡುವೆ ಕಾಲೂರಿ ನಿಂತು ಮೊದಲ ಇಟ್ಟಿಗೆ ಎಬ್ಬಿಸಿದರು. ಪಾತ್ರೆ ಮಾರಿದ ಕೈ, ಹಾರೆ ಬಿದ್ದ ಕಡೆ ಮತ್ತೆ ಬೀಳುತ್ತಿರಲಿಲ್ಲ. ಕೆಳಗಿನಿಂದ ಇಲಿಯಾಸ್ ಏನೂ ಹೇಳದೆ ಇನ್ನೊಂದು ಹಾರೆ ಹಿಡಿದು ಬಂದು ಪಕ್ಕದಲ್ಲಿ ನಿಂತ.

ಚಂದ್ರಶೇಖರಪ್ಪ ತಲೆ ಎತ್ತದೆ ಅಂದರು: "ನೀನು ನಗರಸಭೆಗೆ ಕಂಪ್ಲೇಂಟ್ ಕೊಟ್ಟಿದ್ದು ಸರಿಯಾಗೇ ಇತ್ತು ಇಲಿಯಾಸ್."

"ಕಂಪ್ಲೇಂಟಾ? ನಾನೆಲ್ಲಿ ಕೊಟ್ಟೆ ಅಣ್ಣ?"

"ನಾನು ಕೊಟ್ಟೆ," ಎಂದರು ಬಸಮ್ಮ ಬಾಗಿಲಿನಿಂದ. "ಆ ಎಂಜಿನಿಯರಪ್ಪ ರಸ್ತೇಲಿ ಹೋಗ್ತಿದ್ದ, ಕೂಗಿ ಹೇಳ್ದೆ. ಮಗ ಅಂಗಳ ಒರೆಸೋದು, ಆ ಸಾಬೀರಾ ಅಡುಗೆಮನೆಯಿಂದ ನೀರು ಬಳಿಯೋದು! ಅಗೀರಿ ಸುಮ್ನೆ."

ಸಂಜೆಯೊಳಗೆ ಮೂರು ಗುಂಡಿ ಆದವು. ಎಂಜಿನಿಯರ್ ತಾವೇ ಪ್ಯಾಂಟು ಮಡಿಸಿ ಅಳತೆ ಸರಿಮಾಡಿದರು. ಮರದ ತೊಟ್ಟಿಲುಗಳಲ್ಲಿ ಒಂದು ಇಲಿಯಾಸನ ಗ್ಯಾರೇಜಿಗೆ ಸ್ಪ್ಯಾನರು ಇಡಲು ಹೋಯಿತು. ಒಂದನ್ನು ನಾಗಶ್ರೀ ಅವನ ಜೀಪಿನ ಮೇಲೇರಿಸಿ ಶಾಲೆಗೆ ಒಯ್ದಳು, ಅದರ ತುಂಬ ಈಗ ಕಥೆಪುಸ್ತಕಗಳಿವೆ. ಮೂರನೆಯದರಲ್ಲಿ ಬಸಮ್ಮ ಮಧ್ಯಾಹ್ನ ಮಲಗುತ್ತಾರೆ. ತೂಗಲು ಒಬ್ಬರು ಬೇಕು ಎಂಬುದೊಂದೇ ಅವರ ತಕರಾರು.

ಜೂನ್ ತಿಂಗಳ ಮೊದಲ ದೊಡ್ಡ ಮಳೆ ಬಿದ್ದಾಗ ಚಂದ್ರಶೇಖರಪ್ಪ ಅಂಗಡಿಯಲ್ಲಿದ್ದರು. ಮಾರ್ಕೆಟ್ ರಸ್ತೆಯ ಜನವೆಲ್ಲ ಮಳೆಗೆ ಹೆದರಿ ಅಂಗಡಿಯ ಸೂರಿನ ಕೆಳಗೆ ಸೇರಿದ್ದರು. ಚಂದ್ರಶೇಖರಪ್ಪನವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಫೋನು ಮಾಡಿದರು. ನಾಗಶ್ರೀ ಎತ್ತಿಕೊಂಡಳು. ಅವರ ಬಾಯಿ ಅಭ್ಯಾಸಬಲದಿಂದ ಸಣ್ಣದಾಯಿತು.

"ನಾಗಶ್ರೀ, ಅದು... ತುಂಬ್ತಾ?"

"ಯಾವುದು ಮಾವ? ಮಳೆ ಸದ್ದು, ಕೇಳಿಸ್ತಿಲ್ಲ!"

"ಅದೇ ಕಣಮ್ಮ, ಅದು..."

"ಹೆಸರು ಹೇಳಿ ಮಾವ. ಗಟ್ಟಿಯಾಗಿ!"

ಚಂದ್ರಶೇಖರಪ್ಪನವರು ಸುತ್ತ ನೋಡಿದರು. ಮುಖದ ಮೇಲೆ ಮುಖ. ಕಣ್ಣು ಮುಚ್ಚಿಕೊಂಡು, ಉಸಿರೆಳೆದು, ಇಡೀ ಮಾರ್ಕೆಟ್ ರಸ್ತೆಗೆ ಕೇಳುವ ಹಾಗೆ ಕೂಗಿದರು:

"ತೊಟ್ಟಿಲು! ತೊಟ್ಟಿಲು ತುಂಬ್ತಾ ನಾಗಶ್ರೀ?"

ಆ ಕಡೆಯಿಂದ ಮಳೆಯ ಸದ್ದು ಬಂತು, ಅದರ ನಡುವೆ ಸೊಸೆಯ ನಗು ಬಂತು. ಈ ಆರು ವರ್ಷಗಳಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ಅವರು ಕೇಳಿರಲಿಲ್ಲ.

"ಮೂರೂ ತುಂಬಿದೆ ಮಾವ! ಸಾಬೀರಕ್ಕನ ಮನೆಗೆ ಒಂದು ಹನಿಯೂ ಹೋಗಿಲ್ಲ!"